ಸಿಡಿಲಿಗೆ ಗಂಟೆ ಬಾರಿಸಬಾರದು

ಕೋಳಿಗಳು ಗೂಡು ಸೇರಿಬಿಟ್ಟಿವೆ, ನಡುಮಧ್ಯಾಹ್ನಕ್ಕೇ, ಗುಡ್ಡದಾಚೆ ಬಾನು ಹಳದಿ, ಕೊಳೆತ ಮೊಟ್ಟೆಯ ಹಳದಿ, ಇದು ಬರೀ ಮಳೆಯಲ್ಲ, ಆಲಿಕಲ್ಲು, ಬುರ್ಗಿಯ ಮೂಗಿಗೇ ತಿಳಿಯುತ್ತದೆ, ದ್ರಾಕ್ಷಿ ಕೊಯ್ಲಿಗೆ ಇನ್ನು ಹತ್ತೇ ದಿನ, ಈಗ ಊರವರು ಬರುತ್ತಾರೆ, ಬಂದೇ ಬರುತ್ತಾರೆ, ನಿನ್ನ ಗಂಡ ಸೆಬಾಲ್ಡ್ ಎಲ್ಲಿ, ಮೋಡ ಒಡೆಯೋಕೆ ಗಂಟೆ ಬಾರಿಸಬೇಕು ಅಂತ, ವರ್ಷಕ್ಕೆ ಮನೆಗೊಂದು ಗೋಧಿ ಸಿವುಡು ಇಗರ್ಜಿಯ ಗಂಟೆಯವನಿಗೆ ಕೊಡುವುದು ಇದಕ್ಕೇ ತಾನೆ, ಸಿಡಿಲಿನ ಸಿವುಡು, ಮಾವ ಅದನ್ನೇ ತಿಂದು ಬದುಕಿದ, ಅದರ ಋಣಕ್ಕೇ ಗಂಟೆಯ ಹಗ್ಗ ಹಿಡಿದಲ್ಲೇ ಸಿಡಿಲು ಬಡಿದು ಸುಟ್ಟು ಕರಕಲಾದ — ಇನ್ನು ಗಂಡನೂ ಹಾಗೇ ಹೋಗಬೇಕೇ, ಬೇಡ, ಪೀಪಾಯಿ ಸೋರುತ್ತಿದೆ ನೋಡಿ ಎಂದು ಅವನನ್ನು ನೆಲಮಾಳಿಗೆಗೆ ಇಳಿಸಿ ಮೇಲಿಂದ ಅಗಳಿ ಹಾಕಿದ್ದಾಳೆ, ಕೆಳಗಿನಿಂದ ಗುದ್ದುತ್ತಿದ್ದಾನೆ, ಏ ಬುರ್ಗಿ, ಹುಚ್ಚು ಹಿಡೀತೇನೇ ನಿಂಗೆ, ತೆಗಿಯೇ, ಊರೋರು ಏನಂತಾರೆ — ಅನ್ನಲಿ, ಊರಿನ ಮಾತು ಮೈ ಸುಡುವುದಿಲ್ಲ.

ಚಕ್ರವರ್ತಿಯೇ ಬರೆಸಿದ್ದಾನಲ್ಲ, ವಿಯೆನ್ನಾದಿಂದ ಬಂದ ಕಾಗದವನ್ನು ಪಾದ್ರಿ ಭಾನುವಾರದ ಪೂಜೆಯಾದ ಮೇಲೆ ಮುಖ ಹುಳ್ಳಗೆ ಮಾಡಿಕೊಂಡು ಓದಿದ್ದರು, ಸಿಡಿಲಿಗೆ ಗಂಟೆ ಬಾರಿಸಬಾರದು, ಮೋಡದಲ್ಲಿ ಮಾಟಗಾತಿಯರಿಲ್ಲ, ಸಿಡಿಲೆಂಬುದು ಪ್ರಕೃತಿಯ ಬೆಂಕಿ, ಎತ್ತರದ ಗೋಪುರವನ್ನೂ ಒದ್ದೆ ಹಗ್ಗವನ್ನೂ ಹುಡುಕಿಕೊಂಡು ಬರುತ್ತದೆ, ವಿವೇಕವುಳ್ಳ ಪ್ರಜೆಗಳು ಇದನ್ನು ಅರಿಯತಕ್ಕದ್ದು — ಊರೆಲ್ಲ ನಕ್ಕಿತು, ಮಠ ಮುಚ್ಚಿಸ್ದ, ಯಾತ್ರೆ ನಿಲ್ಲಿಸ್ದ, ಈಗ ಗಂಟೆ ಬಾಯಿಗೂ ಬಟ್ಟೆ ತುರುಕ್ತಾನೆ, ದ್ರಾಕ್ಷಿ ಬಳ್ಳಿ ಕಣ್ಣಲ್ಲಿ ಕಂಡಿದಾನಾ ಆ ಮಹಾರಾಯ — ಅವಳೊಬ್ಬಳು ನಗಲಿಲ್ಲ, ಮೊಣಕಾಲೂರಿ ಅತ್ತುಬಿಟ್ಟಳು, ಎಲ್ಲರೂ ಭಕ್ತಿ ಅಂದುಕೊಂಡರು, ಮಾವನ ಬೆರಳುಗಳಿಂದ ಹಗ್ಗ ಬಿಡಿಸಿದವಳು ಅವಳೇ, ಆ ಕಾಗದ ನಿಜವೆಂದು ಅವಳಿಗಲ್ಲದೆ ಇನ್ಯಾರಿಗೆ ಗೊತ್ತು.

ಬಾಗಿಲಲ್ಲಿ ಉರ್ಬಾನ್, ಬೆನ್ನ ಹಿಂದೆ ಹೆಂಗಸರ ಗೋಳು, ಉರ್ಬಾನ್ ಅಂದರೆ ಅವಳ ಮಗಳಿಗೆ ದೀಕ್ಷಾಸ್ನಾನದ ದಿನ ಎತ್ತಿ ಹಿಡಿದ ಧರ್ಮತಂದೆ, ಎಲ್ಲಿದಾನೆ ತಂಗೀ ನಿನ್ನ ಗಂಡ, ಪಕ್ಕದೂರಿಗೆ ಹೋಗಿದ್ದಾರೆ ಉರ್ಬಾನಣ್ಣ, ಕಾಲಡಿಯಲ್ಲಿ ಗುದ್ದು, ಪುಣ್ಯಕ್ಕೆ ಗುಡುಗಿತು, ಹಂಗಾದ್ರೆ ಗೋಪುರದ ಬೀಗದಕೈ ಕೊಡು, ನಾನೇ ಬಾರಿಸ್ತೀನಿ, ಐದು ಹೊಟ್ಟೆ ಆ ಗುಡ್ಡದ ದ್ರಾಕ್ಷೀನೇ ನಂಬ್ಕೊಂಡವೆ — ಬೇಡ ಅನ್ನಬೇಕು, ಕಾಗದದಲ್ಲಿರೋದು ನಿಜ ಅಣ್ಣ, ಸಾಯ್ತೀಯ ಅನ್ನಬೇಕು, ಕಾಲಿಗೆ ಅಡ್ಡ ಬೀಳಬೇಕು, ಮಾತು ನಾಲಿಗೆ ತುದಿಯಲ್ಲೇ ಇದೆ, ಆದರೆ ಕೊಡದಿದ್ದರೆ ಒಳಗೆ ನುಗ್ಗುತ್ತಾರೆ, ಬೀಗದಕೈ ಹುಡುಕುತ್ತಾ ಗಂಡನನ್ನು ಹುಡುಕಿಬಿಡುತ್ತಾರೆ, ಅವನು ಹಗ್ಗ ಹಿಡಿಯುತ್ತಾನೆ — ಉರ್ಬಾನ್ ಕೈ ಚಾಚಿದ, ಅಂಗೈಯ ಬಿರುಕುಗಳಲ್ಲಿ ಮಣ್ಣು, ಹೆಬ್ಬೆರಳ ಬುಡದಲ್ಲಿ ಬಳ್ಳಿ ಕತ್ತರಿಸುವ ಚೂರಿಯ ಹಸಿ ಗಾಯ, ಅವಳು ಬೀಗದಕೈ ಇಟ್ಟಳು, ಎಷ್ಟು ಬೇಗ ಇಟ್ಟಳು, ಎದೆಯೊಳಗೆ ಏನೋ ಹಗುರಾಯಿತು, ಸದ್ಯ ನನ್ನವನಲ್ಲ, ದೇವರು ನಿನ್ನ ಚೆನ್ನಾಗಿಟ್ಟಿರಲಿ ತಂಗೀ ಅಂದ, ಅಂದೇಬಿಟ್ಟ.

ಗಂಟೆ ಬಾರಿಸುತ್ತಿದೆ, ಅವನ ಕೈಗೆ ಅಭ್ಯಾಸವಿಲ್ಲ, ತಪ್ಪಿ ತಪ್ಪಿ ಬೀಳುತ್ತಿದೆ ಪೆಟ್ಟು, ನೋಡ್ರೇ ಮೋಡ ಹರೀತಿದೆ ಅನ್ನುತ್ತಾರೆ ಹೆಂಗಸರು, ಹರಿಯುತ್ತಿಲ್ಲ, ತಲೆಯ ಮೇಲೇ ಬರುತ್ತಿದೆ, ಗೋಪುರಕ್ಕೆ ನೂರು ಹೆಜ್ಜೆ, ಓಡಿದರೆ ಇನ್ನೂ ಉಳಿಯುತ್ತಾನೆ, ಓಡೇ ಬುರ್ಗಿ, ಅವನಾದರೋ ನಂಬದೆ ಹೋದ, ನೀನು ನಂಬಿಯೂ ಕೊಟ್ಟೆಯಲ್ಲ, ಗೊತ್ತಿದ್ದೂ ಕೊಟ್ಟೆಯಲ್ಲ, ಬಾಗಿಲ ಚೌಕಟ್ಟು ಹಿಡಿದ ಕೈ ಬಿಟ್ಟಳು, ಹೊಸಿಲು ದಾಟಿದಳು, ಬೆಳಕು, ಬೆಳಕೂ ಸದ್ದೂ ಒಟ್ಟಿಗೇ, ಗಂಟೆ ನಿಂತಿತು. ಅಯ್ಯೋ ಉರ್ಬಾನ್, ಯಾರೋ ಹೆಣ್ಣುದನಿ, ಆಮೇಲೆ ಆಲಿಕಲ್ಲು, ಗೋಲಿಯಷ್ಟು ದಪ್ಪ, ಗುಡ್ಡದ ತುಂಬ, ಗಂಟೆ ಕೇಳಿಯೂ ಬಿತ್ತು, ಮನೆಯೊಳಗೆ ನೆಲದಡಿಯಿಂದ ಸೆಬಾಲ್ಡ್, ಬುರ್ಗಿ, ಯಾರೇ ಬಾರಿಸ್ತಿದ್ದದ್ದು, ಯಾಕೆ ನಿಲ್ಲಿಸ್ದ, ಮಾತಾಡೇ — ಬೆರಳ ತುದಿಯಲ್ಲಿ ಉರ್ಬಾನಣ್ಣನ ಕೈಯ ಬಿಸಿ ಇನ್ನೂ ಆರಿಲ್ಲ, ಯಾರೇ ಅದು, ಅಂಗೈ, ಬಿರುಕಿನಲ್ಲಿ ಮಣ್ಣು, ಹಸಿ ಗಾಯ, ಬುರ್ಗಿ ಯಾರೇ, ಅಂಗೈ, ಚಾಚಿದ ಅಂಗೈ, ಅಂಗೈ