ಆಯುಧಪೂಜೆಗೂ ನಿಲ್ಲದ ಕಂಪ್ಯೂಟರ್

ಹರಿಹರದ ಹೊಳೆದಂಡೆಯ ಪಂಪ್‌ಹೌಸಿನ ಕಂಪ್ಯೂಟರನ್ನು ನಾನೂರ ಹನ್ನೆರಡು ದಿನಗಳಿಂದ ಒಮ್ಮೆಯೂ ನಿಲ್ಲಿಸಿರಲಿಲ್ಲವೆಂದು ಹರಿಹರದವರು ಹೇಳುತ್ತಾರೆ. ಹತ್ತಿರದ ಕೊಕ್ಕನೂರಿನಲ್ಲಿ ಇದೇ ಕಥೆಯನ್ನು ಹೇಳುವವರು ಲೆಕ್ಕವನ್ನು ಏಳುನೂರಕ್ಕೆ ಏರಿಸುತ್ತಾರೆ. ಅದನ್ನು ನೋಡಿಕೊಳ್ಳುತ್ತಿದ್ದವಳು ರೇಖಾ ಎಂಬುದರಲ್ಲಿ ಮಾತ್ರ ಎರಡು ಮಾತಿಲ್ಲ.

ದಾವಣಗೆರೆಗೆ ನೀರೆತ್ತುವ ಮೂರು ಮೋಟರುಗಳೂ ಆ ಕಂಪ್ಯೂಟರಿನ ಮಾತು ಕೇಳುತ್ತಿದ್ದವು. ಕೈಯಿಂದ ನಡೆಸುವ ಹಳೆಯ ಪ್ಯಾನೆಲ್ ಮಳೆಗಾಲದಲ್ಲೇ ಸುಟ್ಟುಹೋಗಿತ್ತು. ಹಬ್ಬಕ್ಕೆ ಹನ್ನೆರಡು ದಿನ ಮುಂಚೆ ಕಂಪ್ಯೂಟರಿನ ಡಿಸ್ಕೂ ಟಕ್ ಟಕ್ ಎಂದು ಸದ್ದುಮಾಡಿ ಸತ್ತಿತು. ಆದರೂ ಆಪರೇಟಿಂಗ್ ಸಿಸ್ಟಮ್ ಕುಸಿಯಲಿಲ್ಲ. ಮೆಮೊರಿಯಲ್ಲಿ ಉಳಿದಷ್ಟನ್ನೇ ಹಿಡಿದುಕೊಂಡು ಮೋಟರುಗಳನ್ನು ದುಡಿಸುತ್ತಲೇ ಇತ್ತು. ಒಮ್ಮೆ ನಿಲ್ಲಿಸಿದರೆ ಮತ್ತೆ ಓದಿಕೊಂಡು ಏಳಲು ಅದಕ್ಕೆ ಡಿಸ್ಕೇ ಇಲ್ಲ. ಹೊಸ ಯಂತ್ರ ಬರಲು ಇನ್ನೂ ಮೂರು ದಿನ ಬೇಕಿತ್ತು. ಅಷ್ಟರಲ್ಲಿ ಆಯುಧಪೂಜೆ ಬಂದಿತು.

ಮೇಲ್ವಿಚಾರಕ ಗುರುಮೂರ್ತಿ ಒದ್ದೆಬಟ್ಟೆ ಹಿಡಿದೇ ಒಳಗೆ ಬಂದರು.

"ಒಂದು ತಾಸು ಆಫ್ ಮಾಡಮ್ಮ. ಒರೆಸಿ, ಹೂ ಏರಿಸಿ, ಆಮೇಲೆ ಆನ್ ಮಾಡಿದ್ರಾತು."

"ಆಫ್ ಮಾಡಿದ್ರೆ ಇದು ಏಳಂಗಿಲ್ಲ ಸರ್. ಮೂರು ದಿನ ದಾವಣಗೆರೆಗೆ ನೀರಿಲ್ಲ."

"ನಮ್ಮನೇದು ದಿನಾ ಆಫ್ ಮಾಡ್ತೀನಿ, ದಿನಾ ಏಳ್ತೈತೆ. ನಿಂದೇನು ಮಹಾರಾಣಿನಾ?"

"ನಿಮ್ಮನೇದಕ್ಕೆ ಡಿಸ್ಕ್ ಐತೆ."

ಬೂದುಗುಂಬಳಕಾಯಿ ಹೊತ್ತು ನಿಂತಿದ್ದ ಮುದುಕ ಪಂಪ್ ಆಪರೇಟರ್ ಗುತ್ತೆಪ್ಪ ಬಾಯಿ ಹಾಕಿದ. "ಹಬ್ಬದ ದಿನ ಆಯುಧ ಮುಟ್ಟಬಾರ್ದು ಯವ್ವಾ. ನನ್ನ ಸ್ಪ್ಯಾನರೂ ಮಣೆ ಮ್ಯಾಲೆ ಮಲಗೈತೆ. ಇದೊಂದ್ಯಾಕ ದುಡೀಬೇಕು?"

ಗುರುಮೂರ್ತಿಯವರ ಮಾತಿಗೆ ಜಗ್ಗದ ರೇಖಾ ಈ ಮಾತಿಗೆ ತುಸು ತಡೆದಳು. ಅವಳ ತಂದೆಯೂ ಆ ದಿನ ಕುಡುಗೋಲು ಮುಟ್ಟಿದವನಲ್ಲ. ಕುರ್ಚಿಯನ್ನು ಸ್ವಿಚ್‌ಬೋರ್ಡಿಗೆ ಅಡ್ಡವಾಗಿ ಎಳೆದುಕೊಂಡು ಕುಳಿತಳು.

"ಅಜ್ಜಾ, ಹಬ್ಬದ ದಿನ ಎತ್ತಿನ ನೊಗ ಇಳಸ್ತೀಯ. ಉಸಿರೂ ನಿಲ್ಲಸ್ತೀಯೇನು?"

ಗುತ್ತೆಪ್ಪ ಕುಂಬಳಕಾಯಿಯನ್ನು ಕಂಕುಳಿಗೆ ಏರಿಸಿಕೊಂಡು ಗೊಳ್ಳನೆ ನಕ್ಕುಬಿಟ್ಟ. ಗುರುಮೂರ್ತಿ ನಗಲಿಲ್ಲ.

"ಏಳು ಮೇಲೆ. ಇದು ಆರ್ಡರ್."

"ಏಳಲ್ಲ ಸರ್. ಮೆಮೊ ಕೊಡ್ರಿ, ಇಲ್ಲೇ ಕುಂತು ತಗಂತೀನಿ."

ನಡೆಯುತ್ತಿದ್ದ ಕಂಪ್ಯೂಟರಿಗೇ ಪೂಜೆಯಾಯಿತು. ಹಣೆಗೊಂದು ಕುಂಕುಮದ ಬೊಟ್ಟು, ಫ್ಯಾನಿನ ಗಾಳಿಗೆ ಅಡ್ಡಬಾರದಂತೆ ಒಂದೇ ಸೇವಂತಿಗೆ. ಒದ್ದೆಬಟ್ಟೆಯನ್ನು ರೇಖಾ ಹತ್ತಿರಕ್ಕೂ ಬಿಡಲಿಲ್ಲ. ಪ್ರಸಾದದ ಮಂಡಕ್ಕಿಯನ್ನು ಆ ಕುರ್ಚಿಯಲ್ಲೇ ತಿಂದಳು. ಸಂಜೆಗೆ ಮೆಮೊ ಬಂದಿತು. ಮಡಚಿ ಕೀಬೋರ್ಡಿನ ಕೆಳಗಿಟ್ಟಳು. ಅವಳು ಮನೆಗೆ ಹೋದಾಗಲೆಲ್ಲ ಆ ಕುರ್ಚಿಯಲ್ಲಿ ಗುತ್ತೆಪ್ಪ ಕುಳಿತಿರುತ್ತಿದ್ದ.

ಮೂರನೆಯ ದಿನ ದಾವಣಗೆರೆಯಿಂದ ಹೊಸ ಯಂತ್ರ ಬಂದು ಮೋಟರುಗಳನ್ನು ವಹಿಸಿಕೊಂಡಿತು. ಆಗ ರೇಖಾ ತಾನಾಗಿ ಎದ್ದು ಹಳೆಯದನ್ನು ನಿಲ್ಲಿಸಿ, ಪಕ್ಕಕ್ಕೆ ಸರಿದಳು.

"ಆನ್ ಮಾಡ್ರಿ ಸರ್."

ಗುರುಮೂರ್ತಿ ಸ್ವಿಚ್ ಒತ್ತಿದರು. ಟಕ್, ಟಕ್. ಪರದೆ ಕಪ್ಪಾಗಿಯೇ ಉಳಿಯಿತು. ಮತ್ತೆ ಒತ್ತಿದರು. ಹರಿಹರದವರ ಪ್ರಕಾರ ಎರಡು ಸಲ, ಕೊಕ್ಕನೂರಿನವರ ಪ್ರಕಾರ ಏಳು ಸಲ.

ರೇಖಾ ಒದ್ದೆಬಟ್ಟೆಯನ್ನು ತಂದು ಅವರ ಕೈಗಿತ್ತಳು.

"ಈಗ ಒರೆಸ್ರಿ ಸರ್."