ದೀಪದಲ್ಲಿ ಉಳಿದ ಎಣ್ಣೆ

ತನ್ನನ್ನು ನೋಡಿ ಒಪ್ಪಿ ಹೋದ ವರನ ಮುಖವೇ ಭಾಗೀರಥಿಗೆ ನೆನಪಿರಲಿಲ್ಲ. ಯಾರಿಗೂ ಹೇಳುವಂತಹ ಮಾತಲ್ಲ ಅದು. ಬೆಳಿಗ್ಗೆ ಪೂಜೆಗೆ ಹೂ ಬಿಡಿಸುವಾಗ ತನಗೆ ತಾನೇ ಹೇಳಿಕೊಂಡು ಹೆದರಿದಳು. ಆತ ಲಕ್ಷ್ಮೇಶ್ವರದಿಂದ ಬಂದು, ಅವಲಕ್ಕಿ ತಿಂದು, ಎರಡು ಪ್ರಶ್ನೆ ಕೇಳಿ ಹೋಗಿದ್ದ. ಅಷ್ಟು ಹೊತ್ತೂ ಆಕೆ ತಲೆ ಎತ್ತಿರಲಿಲ್ಲ. ಕಂಡದ್ದು ಆತನ ಬಲಗಾಲಿನ ಹೆಬ್ಬೆರಳು ಮಾತ್ರ. ಅದರ ಉಗುರು ಕಪ್ಪುಗಟ್ಟಿತ್ತು. ನಾಳೆ ನಿಶ್ಚಯಕ್ಕೆಂದು ಅವರ ಮನೆಗೆ ಹೋದಾಗ, ಸಾಲಾಗಿ ಕುಳಿತ ಗಂಡಸರಲ್ಲಿ ವರ ಯಾರೆಂದು ತಿಳಿಯುವುದು ಹೇಗೆ? ಎಲ್ಲರ ಪಾದ ನೋಡುತ್ತ ಹೋಗಬೇಕೆ? ಬಿ.ಎ. ಪಾಸಾದವಳಿಗೆ ಬಂದ ಚಿಂತೆ ನೋಡು ಎಂದು ತನ್ನನ್ನೇ ಬೈದುಕೊಂಡಳು.

ಅಪ್ಪ ತೀರಿಕೊಂಡ ಮೇಲೆ ಬೆಟಗೇರಿಯ ಈ ಮನೆ, ಅಪ್ಪನ ತಮ್ಮ ಕಾಕಾ ದತ್ತಾತ್ರಿ ವಕೀಲರ ಮನೆ, ಆಕೆಯ ಮನೆಯಾಗಿತ್ತು. ಓದಿಸಿದವರು ಕಾಕಾ, ವರನನ್ನು ಹುಡುಕಿದವರೂ ಕಾಕಾ. ಅದನ್ನು ಆಕೆ ಒಂದು ದಿನವೂ ಮರೆಯದಂತೆ ನೋಡಿಕೊಂಡವರೂ ಅವರೇ.

ಹೂವಿನ ಬುಟ್ಟಿ ಹಿಡಿದು ಅಂಗಳಕ್ಕೆ ಬಂದಾಗ ಕಾಕಾನ ಅಂಬಾಸಿಡರ್ ಮೋಟಾರು ಕಲ್ಲುಗಳ ಮೇಲೆ ಮುಂಗಾಲೆತ್ತಿ ನಿಂತಿತ್ತು. ಅದರ ಅಡಿಯಿಂದ ಮೇಸ್ತ್ರಿ ಕೊಟ್ರಪ್ಪನ ಕಾಲುಗಳಷ್ಟೇ ಹೊರಗೆ ಕಾಣುತ್ತಿದ್ದವು. ಚಾಲಕ ನಿಜಾಮುದ್ದೀನ ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕೂತಿದ್ದ. ರಂಜಾನ ತಿಂಗಳು, ಉಪವಾಸದಿಂದ ಅವನ ತುಟಿಗಳು ಬಿಳುಚಿ ಒಡೆದಿದ್ದವು.

ಹಿಂದಿನ ದಿನ ಮುಂಡರಗಿ ಕೋರ್ಟಿನಿಂದ ಬರುವಾಗ ಎಣ್ಣೆಯ ಒತ್ತಡ ತೋರಿಸುವ ಮುಳ್ಳು ಸೊನ್ನೆಯತ್ತ ಜಾರಿತ್ತು. ನಿಜಾಮುದ್ದೀನ ಆ ಕ್ಷಣವೇ ಎಂಜಿನ್ ಬಂದ್ ಮಾಡಿ, "ಇನ್ನ ಒಂದ ಮಾರೂ ಹೊಡ್ಯಂಗಿಲ್ರಿ ಸಾಹೇಬ್ರ, ಎಂಜಿನ್ ಹಿಡಕೋತೈತಿ" ಎಂದಿದ್ದ. ವಕೀಲರು ಬೈದರು, ಗದರಿದರು; ಅವನು ಕೀಲಿಕೈ ಮುಟ್ಟಲಿಲ್ಲ. ಕೊನೆಗೆ ಯಾರದೋ ಟ್ರ್ಯಾಕ್ಟರು ಮೋಟಾರನ್ನು ಎಳೆಯಿತು. ಕರಿ ಕೋಟು ತೊಟ್ಟ ವಕೀಲರು ಗೊಬ್ಬರದ ಚೀಲಗಳ ಮೇಲೆ ಕುಳಿತು, ಪೇಟೆಯ ನಡುವೆ, ಕಕ್ಷಿದಾರರೆಲ್ಲ ಎದ್ದು ನಮಸ್ಕಾರ ಮಾಡುತ್ತಿರಲು, ಮನೆ ಸೇರಿದ್ದರು. ಆ ನಮಸ್ಕಾರಗಳು ಅವರ ಹೊಟ್ಟೆಯಲ್ಲಿ ಇನ್ನೂ ಕುದಿಯುತ್ತಿದ್ದವು.

ಕೊಟ್ರಪ್ಪ ಬೆಳಗಿನಿಂದ ಒಂದೊಂದೇ ಕಾರಣವನ್ನು ಪರೀಕ್ಷಿಸಿ ಬಿಡುತ್ತ ಬಂದಿದ್ದ. ಅಳತೆಯ ಕಡ್ಡಿ ಎಳೆದು ನೋಡಿದ: ಎಣ್ಣೆ ಕಡಿಮೆಯಾಗಿರಲಿಲ್ಲ. ಮುಳ್ಳೇ ಕೆಟ್ಟಿರಬಹುದೆಂದು ಬೇರೆ ಮೀಟರು ತಂದು ಹಚ್ಚಿದ: ಅದೂ ಮೇಲೇಳಲಿಲ್ಲ. ಈಗ ಎಣ್ಣೆ ಬಸಿದು ಎಂಜಿನ್ನಿನ ತಳದ ತಟ್ಟೆ ಬಿಚ್ಚಿ, ಪಂಪು ಎಣ್ಣೆ ಹೀರುವ ಜಾಳಿಗೆಯನ್ನು ಹಿಡಿದುಕೊಂಡು ಹೊರಗೆ ಬಂದ. ಜಾಳಿಗೆಯ ಕಣ್ಣೊಂದೂ ಕಾಣುತ್ತಿರಲಿಲ್ಲ. ಹಳೆಯ ಬೆಲ್ಲದಂತಹ ಅಂಟು ಅದನ್ನು ಮುಚ್ಚಿತ್ತು.

"ಇದರಾಗಿಂದ ಎಣ್ಣಿ ಮ್ಯಾಲೆ ಹೆಂಗ ಏರಬೇಕ್ರಿ? ಪಂಪಿನ ಗಂಟಲಾನ ಹಿಚಕಿದಂಗ ಆಗೇತಿ," ಎಂದ ಕೊಟ್ರಪ್ಪ, ಪಕ್ಕದಲ್ಲಿ ಬಂದು ನಿಂತ ವಕೀಲರಿಗೆ. ಮೂಸಿ ನೋಡಿ ಹುಬ್ಬೇರಿಸಿದ. "ಇದು ಮೋಟಾರಿನ ಎಣ್ಣಿ ಅಷ್ಟ ಅಲ್ರಿ ವಕೀಲ್ರ. ಶೇಂಗಾ ಎಣ್ಣಿ ಕೂಡೇತಿ. ಕಾಯ್ದ ಕಾಯ್ದ ಅಂಟಾಗೇತಿ. ಇಕಾ ನೋಡ್ರಿ, ಅಳ್ಳೀ ಎಳಿನೂ ಅದಾವು."

ಬೆರಳ ತುದಿಯಲ್ಲಿ ಅವನು ಹಿಡಿದ ಸುಟ್ಟ ಹತ್ತಿಯ ಎಳೆಯನ್ನು ಭಾಗೀರಥಿ ನೋಡಿದಳು. ಅದು ಹೂಬತ್ತಿಯ ತುಂಡು.

ದೇವರ ಮುಂದಿನ ದೀಪದಲ್ಲಿ ಉಳಿದ ಎಣ್ಣೆಯನ್ನು ಕಾಲಿಗೆ ಸಿಗುವಲ್ಲಿ ಚೆಲ್ಲಬಾರದೆಂಬುದು ಕಾಕಾನ ಹೆಂಡತಿ, ಕಾಕು ಪದ್ಮಾಬಾಯಿಯವರ ಮಡಿ. ಮೊದಲೆಲ್ಲ ತುಳಸಿಕಟ್ಟೆಯ ಸಂದಿಗೆ ಸುರಿಯುತ್ತಿದ್ದರು. ಇರುವೆ ಮುತ್ತಿದವೆಂದು ಬಿಟ್ಟರು. ಮೋಟಾರು ಬಂದ ಮೇಲೆ ದಾರಿ ಸಿಕ್ಕಿತು. ಪ್ರತಿ ಅಮಾವಾಸ್ಯೆಗೆ ವಾಹನಪೂಜೆ. ಕುಂಕುಮ, ಕಾಯಿ, ಆರತಿ ಎಲ್ಲ ಮುಗಿದು ನಿಜಾಮುದ್ದೀನ ಪ್ರಸಾದ ತೆಗೆದುಕೊಂಡು ಹೋದ ಮೇಲೆ, ಕಾಕು ಎಂಜಿನ್ನಿನ ಮುಚ್ಚಳ ತಿರುಗಿಸಿ ಗಿಂಡಿಯಲ್ಲಿ ಕೂಡಿಟ್ಟ ದೀಪದ ಎಣ್ಣೆಯನ್ನು ಸುರಿಯುತ್ತಿದ್ದರು. "ಎಣ್ಣಿ ಕುಡಿಯೋದಕ್ಕ ಎಣ್ಣಿ. ಯಾರ ಕಾಲೂ ತಾಕಂಗಿಲ್ಲ, ದೇವರ ಕೃಪಾನೂ ಇರ್ತದ" ಎನ್ನುತ್ತಿದ್ದರು. ಆರತಿಯ ತಟ್ಟೆ ಹಿಡಿದು ಭಾಗೀರಥಿ ಪ್ರತಿಸಲವೂ ಪಕ್ಕದಲ್ಲಿ ನಿಂತಿರುತ್ತಿದ್ದಳು. ಎಣ್ಣೆಯ ಅಳತೆ ಇಳಿಯದ್ದನ್ನು ಕಂಡ ವಕೀಲರು ನಮ್ಮ ಮೋಟಾರು ಎಣ್ಣೆ ಕುಡಿಯುವುದೇ ಇಲ್ಲವೆಂದು ಊರಲ್ಲೆಲ್ಲ ಹೇಳಿಕೊಂಡಿದ್ದರು. ಎಣ್ಣೆ ಬದಲಿಸಬೇಕೆಂದು ನಿಜಾಮುದ್ದೀನ ಕೇಳಿದಾಗಲೆಲ್ಲ ಗದರಿಸಿ ಕಳಿಸಿದ್ದರು.

ಭಾಗೀರಥಿ ಬಾಗಿಲಿನತ್ತ ನೋಡಿದಳು. ಕಾಕು ಹೊಸ್ತಿಲಲ್ಲಿ ನಿಂತಿದ್ದರು. ಅವರ ಕಣ್ಣೂ ಆ ಹತ್ತಿಯ ಎಳೆಯ ಮೇಲೇ ಇತ್ತು. ಕಾಕುಗೂ ತಿಳಿಯಿತು ಎಂಬುದು ಆಕೆಗೆ ತಿಳಿಯಿತು. ಕಾಕು ಸೆರಗು ಸರಿಪಡಿಸಿಕೊಂಡರು.

"ಶೇಂಗಾ ಎಣ್ಣಿ," ಎಂದರು ವಕೀಲರು, ಬಾಯಲ್ಲಿ ಪೇಡೆ ಇಟ್ಟುಕೊಂಡವರಂತೆ ನಿಧಾನವಾಗಿ. "ಏನಲೇ ನಿಜಾಮ್ಯಾ, ನಿನ್ನ ಹೆಂಡ್ತಿ ಏನ ಮಾಡ್ತಾಳ?"

"ಬಸ್‌ಸ್ಟ್ಯಾಂಡಿನ ಬಾಜೂಕ ಭಜಿ ಕರೀತಾಳ್ರಿ. ತಮಗ ಗೊತ್ತೈತಲ್ರಿ."

"ನನಗ ಗೊತ್ತಿರೋದು ಬ್ಯಾರೆ. ಮಂದಿ ಕೇಳ್ಲಿ. ಕರದ ಎಣ್ಣಿ ಏನ ಮಾಡ್ತಾಳ?"

"ಸಾಹೇಬ್ರ, ಖುದಾನ ಆಣಿ, ನಾ ಹಂಗ..."

"ಕೇಳಿದ್ದಕ್ಕಷ್ಟ ಹೇಳು. ನನ್ನ ಎಂಜಿನ್ನಿನ ಎಣ್ಣಿ ಬಸದು ಮಾರಿಕೊಂಡು, ಭಜಿ ಕರದ ಎಣ್ಣಿ ಅದರಾಗ ಹಾಕೀದಿ. ಹೌದೋ ಅಲ್ಲೋ?"

ಸುತ್ತಲಿನ ಕಟ್ಟೆಗಳ ಮೇಲೆ ಮಂದಿ ಸೇರಿದ್ದರು. ಎದುರು ಮನೆಯ ಗೋಣೆಪ್ಪ, "ವಕೀಲ್ರ, ಹಂಗಾರ ಎರಡು ಮೆಣಸಿನಕಾಯಿನೂ ಒಗೀರಿ, ಲಕ್ಷ್ಮೇಶ್ವರ ಮುಟ್ಟೂದ್ರಾಗ ಬೀಗರಿಗೆ ಬಿಸಿ ಬಿಸಿ ಭಜಿ ಆಕ್ಕಾವು!" ಎಂದ. ನಗೆಯ ಅಲೆ ಎದ್ದಿತು. ಕೊಟ್ರಪ್ಪ ಮಾತ್ರ ತಲೆ ತಗ್ಗಿಸಿ, "ಜಲ್ದಿ ಬಂದ್ ಮಾಡಿದ್ದಕ್ಕ ಬೇರಿಂಗ್ ಉಳದಾವ್ರಿ. ಸೀಮಿಎಣ್ಣ್ಯಾಗ ತೊಳದು, ಹೊಸಾ ಎಣ್ಣಿ ಹಾಕಿದ್ರ ಆತು" ಎಂದು ಗೊಣಗಿದ. ಯಾರೂ ಕಿವಿಗೊಡಲಿಲ್ಲ.

ಸುದ್ದಿ ಕೇಳಿ ನಿಜಾಮುದ್ದೀನನ ಹೆಂಡತಿ ಶಮಶಾದಬಿ ಓಡಿ ಬಂದಳು. ಕೈಗೆ ಇನ್ನೂ ಹಸಿ ಹಿಟ್ಟು ಹತ್ತಿತ್ತು. ಅವಳನ್ನು ನೋಡುತ್ತಲೇ ವಕೀಲರ ಮುಖ ಅರಳಿತು. ಜಾಳಿಗೆಯನ್ನು ಕೊಟ್ರಪ್ಪನಿಂದ ಕಸಿದು ನಿಜಾಮುದ್ದೀನನ ಮುಂದೆ ಹಿಡಿದರು.

"ನೆಕ್ಕಿ ಹೇಳು. ನಿನ್ನ ಮನಿ ಎಣ್ಣಿ ರುಚಿ ನಿನಗ ಗೊತ್ತಿರ್ತದ."

"ರೋಜಾ ಐತ್ರಿ ಸಾಹೇಬ್ರ."

"ಹೌದ? ರೋಜಾದಾಗ ಕಳವು ನಡೀತದ, ಎಣ್ಣಿ ನಡಿಯಂಗಿಲ್ಲ? ನೆಕ್ಕು. ಇಲ್ಲಂದ್ರ ಆಕಿ ನೆಕ್ಕಲಿ."

ಶಮಶಾದಬಿ ಮುಂದೆ ಬಂದಳು. ನಿಜಾಮುದ್ದೀನ ಅವಳನ್ನು ತೋಳಿನಿಂದ ಹಿಂದಕ್ಕೆ ಸರಿಸಿ, ಜಾಳಿಗೆಗೆ ಬೆರಳು ಒರೆಸಿ, ಆ ಬೆರಳನ್ನು ನಾಲಿಗೆಗೆ ಮುಟ್ಟಿಸಿದ. ಗಂಟಲು ಒಮ್ಮೆ ಏರಿ ಇಳಿಯಿತು. ಮಂದಿಯ ನಗೆ ನಿಂತಿತು. ಗೋಣೆಪ್ಪ ಬೀಡಿ ಹುಡುಕುವವನಂತೆ ಕಿಸೆ ತಡವಿಕೊಂಡ. ಭಾಗೀರಥಿಯ ಬಾಯಲ್ಲಿ ಮಾತು ಬಂದು ಹಲ್ಲಿನ ಹಿಂದೆ ನಿಂತಿತ್ತು; ನಿಂತೇ ಇತ್ತು. ಒಂದು ಕ್ಷಣ ಮೊದಲು ಹೊರಬಿದ್ದಿದ್ದರೆ ಸಾಕಿತ್ತು.

"ಯಾರ ಮನೀದು?" ಎಂದರು ವಕೀಲರು.

"ನಮ್ಮದಲ್ರಿ."

"ಮತ್ತ ನಮ್ಮದೇನು? ಬ್ರಾಹ್ಮಣರ ಮನ್ಯಾಗ ಎಂಜಿನ್ನಿಗೆ ಒಗ್ಗರಣಿ ಹಾಕ್ತಾರಂತ ಹೇಳ್ತೀಯೇನು?" ಅವರು ನಿಜಾಮುದ್ದೀನನ ಕಿಸೆಗೆ ಕೈಹಾಕಿ ಚಾಲಕನ ಲೈಸನ್ಸು ಎಳೆದುಕೊಂಡರು. "ಇದು ಪೊಲೀಸ್ ಫೌಜದಾರರ ಟೇಬಲ್ ಮ್ಯಾಲೆ ಹೋಗ್ತದ, ನಿನ್ನ ಸಮೇತ. ಗದಗಿನಾಗ ಇನ್ನ ನಿನ್ನ ಕೈಯಾಗ ಯಾರು ಗಾಡಿ ಕೊಡ್ತಾರ ನೋಡ್ತೀನಿ."

ಶಮಶಾದಬಿ ನೆಲಕ್ಕೆ ಕುಸಿದು ವಕೀಲರ ಪಾದ ಹಿಡಿಯಲು ಬಂದಳು. ಮೈಲಿಗೆಯಾದೀತೆಂದು ಅವರು ಕಾಲು ಹಿಂದೆಗೆದರು.

"ಅವ್ವಾರ," ಎಂದು ಅವಳು ಹೊಸ್ತಿಲ ಕಡೆ ತಿರುಗಿದಳು, "ನೀವರ ಹೇಳ್ರಿ. ನಿಮ್ಮ ಬಾಣಂತನಕ್ಕ ರಾತ್ರಿ ಹಗಲಾ ಮೋಟಾರ ಹೊಡದಾರ್ರಿ ಇವ್ರು."

ಪದ್ಮಾಬಾಯಿಯವರು, "ಗಂಡಸರ ಕಾರಭಾರ, ನನಗೇನು ತಿಳೀತದವಾ," ಎಂದರು. ದನಿ ನಡುಗಲಿಲ್ಲ.

ವಕೀಲರಿಗೆ ಇನ್ನೊಂದು ಸಾಕ್ಷಿ ಬೇಕೆನಿಸಿತು. ಗೆದ್ದ ಮೊಕದ್ದಮೆಯಲ್ಲೂ ಒಬ್ಬರನ್ನು ಹೆಚ್ಚಿಗೆ ಕರೆಯುವುದು ಅವರ ಚಟ. "ಭಾಗೀ, ಬಾ ಇಲ್ಲೆ. ಓದಿದಾಕಿ ನೀ. ನಿಜಾಮ್ಯಾನ್ನ ಬಿಟ್ಟು ಬ್ಯಾರೆ ಯಾರರ ಈ ಎಂಜಿನ್ನಿಗೆ ಎಣ್ಣಿ ಹಾಕಿದ್ದು ನೋಡೀಯೇನು? ಇಲ್ಲ ಅಂತ ಮಂದಿಗೆ ಒಮ್ಮೆ ಹೇಳು, ಮುಗೀತು."

ಮೆಟ್ಟಿಲಿಳಿಯುವಾಗ ಕಾಕು ಆಕೆಯ ರಟ್ಟೆ ಹಿಡಿದು ಚಿವುಟಿದರು. "ನಾಳೆ ನಿಶ್ಚಯ ಅದ," ಎಂದರು ಕಿವಿಯಲ್ಲಿ. "ಈ ಮನಿ ಬಾಗಿಲಾ ಹಾಕಿದ್ರ ನಿನಗ ಇನ್ನೊಂದು ಬಾಗಿಲಿಲ್ಲ."

ಅದು ಖರೆಯೇ ಆಗಿತ್ತು. ಇನ್ನೊಂದು ಬಾಗಿಲಿರಲಿಲ್ಲ. ಭಾಗೀರಥಿ ರಟ್ಟೆ ಬಿಡಿಸಿಕೊಂಡು ಅಂಗಳದ ನಡುವೆ ಬಂದು ನಿಂತಳು. ನಿಜಾಮುದ್ದೀನ ಆಕೆಯ ಕಡೆ ನೋಡಲಿಲ್ಲ; ನೆಲಕ್ಕೆ ಉಗುಳುತ್ತಿದ್ದ, ಉಗುಳಿದಷ್ಟೂ ಬಾಯಿ ಕಪ್ಪಾಗುತ್ತಿತ್ತು.

"ಹೂಂ, ಹೇಳು," ಎಂದರು ಕಾಕಾ.

"ನೋಡೇನಿ, ಕಾಕಾ. ಅಮಾವಾಸ್ಯೆಗೊಮ್ಮೆ ದೇವರ ದೀಪದಾಗ ಉಳದ ಎಣ್ಣಿ ಇದರಾಗ ಸುರಿಯಾಕಿ ನಮ್ಮ ಕಾಕು."