ಬಾಕಿಯಿಲ್ಲದ ಕಾಗದ

ಹರಿದುಹೋಯಿತು ಎಂದ ಉಮಾಕಾಂತ. ಹರಿದೆ ಎನ್ನಲಿಲ್ಲ.

ಬ್ಯಾಂಕಿನ ಮೇಜಿನಾಚೆ ಕುಳಿತಿದ್ದ ಮೀನಲ ಕಂಪ್ಯೂಟರಿನಿಂದ ಕಣ್ಣೆತ್ತಿದಳು. ಮೂರು ವರ್ಷದ ಹಿಂದೆ ಬ್ಯಾಂಕು ಅವನಿಗೆ ಕೊಟ್ಟಿದ್ದ ‘ಬಾಕಿ ಇಲ್ಲ’ ಪತ್ರವನ್ನು ಆಕೆ ಕೇಳುತ್ತಿದ್ದುದು ಇದು ಎರಡನೆಯ ಸಲ. ಇದೇ ಉಮರ್ಗಾದಲ್ಲಿ ಅವನು ಟ್ಯೂಷನ್ ಕ್ಲಾಸು ನಡೆಸುತ್ತಿದ್ದಾಗ ಎರಡನೆಯ ಬೆಂಚಿನಲ್ಲಿ ಕುಳಿತು ಹನ್ನೊಂದನೆಯ ಕಾಮರ್ಸ್ ಓದಿದವಳು. ಈಗ ಅವಳಿಗೆ ತಿರುಗುವ ಕುರ್ಚಿ, ಅವನಿಗೆ ಬೆನ್ನಿಲ್ಲದ ಸ್ಟೂಲು.

“ಝೆರಾಕ್ಸರೆ ಇರಬೇಕಲ್ರಿ ಸರ್?”

“ಇಲ್ಲ.”

“ಮೊಬೈಲಿನಾಗ ಫೋಟೋ?”

“ಇಲ್ಲ.”

“ನೀವೇ ಹೇಳ್ತಿದ್ರಿ, ಕಾಗದ ಇಲ್ಲದ ವ್ಯವಹಾರ ಬರೇ ಬಾಯಿಮಾತು ಅಂತ.”

ಅವಳ ದನಿಯಲ್ಲಿ ಕುಹಕವಿರಲಿಲ್ಲ. ಇದ್ದಿದ್ದರೆ ತಡೆದುಕೊಳ್ಳುವುದು ಸುಲಭವಿತ್ತು.

ಆ ಬೆಂಚುಗಳಿಗಾಗಿಯೇ ಈ ಬ್ಯಾಂಕಿನಿಂದ ಎರಡು ಲಕ್ಷ ತೆಗೆದುಕೊಂಡಿದ್ದ. ಕೊರೊನಾ ರೋಗದ ವರ್ಷ ಕ್ಲಾಸು ಮುಚ್ಚಿತು. ಎರಡು ವರ್ಷ ಕಂತು ಕಟ್ಟಲಾಗಲಿಲ್ಲ. ಆಮೇಲೆ ಬ್ಯಾಂಕಿನವರೇ ಕರೆದು ತಡಜೋಡ, ಅಂದರೆ ರಾಜಿ, ಮಾಡಿಕೊಳ್ಳೋಣ ಎಂದರು: ಒಂದು ಲಕ್ಷ ಹತ್ತು ಸಾವಿರ, ನಾಲ್ಕು ಕಂತು, ಉಳಿದದ್ದು ಬಿಟ್ಟೆವು. ನಾಲ್ಕನ್ನೂ ಕಟ್ಟಿದ. ಪತ್ರ ಬಂತು. ಅವನು ಉದಗೀರಕ್ಕೆ ಹೋಗಿ ಒಂದು ಕಾಲೇಜಿನಲ್ಲಿ ಪಾಠ ಹೇಳತೊಡಗಿದ.

ಹೋದ ವಾರ ಉದಗೀರದ ಇನ್ನೊಂದು ಬ್ಯಾಂಕಿನ ಮ್ಯಾನೇಜರು ಅವನ ಕ್ರೆಡಿಟ್ ರಿಪೋರ್ಟನ್ನು ಅವನತ್ತ ತಿರುಗಿಸಿ ತೋರಿಸಿದ್ದರು. ಹಳೆಯ ಸಾಲ ಇನ್ನೂ ತೆರೆದೇ ಇತ್ತು. ಲಕ್ಷಕ್ಕೂ ಮೇಲೆ ಬಾಕಿ, ಕಂತು ತಪ್ಪಿದ ದಿನಗಳ ಲೆಕ್ಕ ಸಾವಿರ ದಾಟಿತ್ತು. ಮನ್ಮಥಪ್ಪನ ಎರಡು ಕೋಣೆಯ ಮನೆ ಕೊಳ್ಳಲು ಐವತ್ತು ಸಾವಿರ ಮುಂಗಡ ಇಸಾರ ಕೊಟ್ಟು ಕೂತಿದ್ದವನಿಗೆ ಮನೆಸಾಲ ಅಲ್ಲೇ ನಿಂತಿತು. ಇಸಾರದ ವಾಯಿದೆ ಇವತ್ತಿಗೆ ಮುಗಿಯುತ್ತದೆ. ಮ್ಯಾನೇಜರು ಕನಿಕರದವರು. ಆ ಪತ್ರ ತನ್ನಿ, ಇಲ್ಲವೇ ತಪ್ಪು ತಿದ್ದಲು ದೂರು ದಾಖಲಿಸಿ ನಂಬರನ್ನಾದರೂ ಇವತ್ತು ಐದರೊಳಗೆ ಫೋನಿನಲ್ಲಿ ಹೇಳಿ, ಫೈಲು ಹಿಡಿದಿಡುತ್ತೇನೆ ಎಂದಿದ್ದರು.

ಪತ್ರ ಬಂದ ದಿನ ಅವ್ವ ಚಂಪಾಬಾಯಿ ಅದನ್ನು ಮನೆಯಲ್ಲಿ ಇಡಗೊಡಲಿಲ್ಲ. ಅವಳ ತವರು ವಲಾಂಡಿಯಲ್ಲಿ ಸಾಲ ತೀರಿದ ದಿನ ಸಾವಕಾರ ಕಾಗದ ಮರಳಿಸುತ್ತಿದ್ದ. ತೀರಿಸಿದವನು ಮನೆಮಂದಿಯೆದುರು ಅದನ್ನು ಹರಿದು ಚೂರುಗಳನ್ನು ಒಲೆಗೆ ಹಾಕುತ್ತಿದ್ದ. ಅದೇ ಬೆಂಕಿಯ ಮೇಲೆ ಗೋದಿಹುಗ್ಗಿ ಕುದಿಯುತ್ತಿತ್ತು. ಸಾಲದ ಕಾಗದ ಮನೆಯಲ್ಲಿ ಉಳಿದರೆ ಸಾಲವೂ ಉಳಿದಂತೆ. ಇದು ಸಾಲದ ಕಾಗದವಲ್ಲ, ಸಾಲ ಮುಗಿದ ಕಾಗದ ಎಂದು ಅರ್ಥಶಾಸ್ತ್ರದ ಎಂ.ಎ. ಉಮಾಕಾಂತ ಹೇಳಬಹುದಿತ್ತು. ಹೇಳಲಿಲ್ಲ. ಮೊದಲ ಸೀಳಿಗೇ ಎದೆಯೊಳಗೆ ಏನೋ ಸಡಿಲಾಯಿತು. ಎರಡು, ನಾಲ್ಕು, ಎಂಟು. ಅಷ್ಟು ಸಣ್ಣದಾಗಿ ಹರಿಯುವ ಅಗತ್ಯವಿರಲಿಲ್ಲ. ಆವತ್ತು ಹುಗ್ಗಿಯನ್ನು ಎರಡು ಸಲ ಹಾಕಿಸಿಕೊಂಡಿದ್ದ.

“ಮೂರು ಕಂತು ಕಾಣ್ತಾವ್ರಿ,” ಎಂದಳು ಮೀನಲ. “ನಾಕನೇದು ಇಲ್ಲ. ತಡಜೋಡ ಆಗಿದ್ದೂ ಇದರಾಗ ಬರದಿಲ್ಲ. ಫೈಲು ಲಾತೂರಿಗಿ ಹೋಗ್ಯಾದ. ನಾ ಬರೀತೀನಿ ಸರ್, ಆದ್ರ ದೂರಿನ ನಂಬರು ಅಲ್ಲಿಂದನೇ ಬರಬೇಕು, ಒಂದ್ ತಿಂಗಳು ಹಿಡೀತದ.”

ಅವನು ತಲೆಯಾಡಿಸಿದ.

“ಇನ್ನೊಂದು ಮಾತು.” ಅವಳು ದನಿ ತಗ್ಗಿಸಿದಳು, ಪಕ್ಕದ ಮೇಜಿಗೆ ಕೇಳದಿರಲೆಂದು. “ದುರುಸ್ತ್ ಆದ್ರೂ ‘ಪೂರ್ತಿ ತೀರಿದೆ’ ಅಂತ ಬರಂಗಿಲ್ರಿ. ‘ತಡಜೋಡ’ ಅಂತನೇ ಬರ್ತದ. ಭಾಳ ವರ್ಷ ಇರ್ತದ ಅದು.”

ಹಾಗಾದರೆ ಅವನು ಓಡಾಡುತ್ತಿರುವುದು ಒಂದು ಕಲೆಯನ್ನು ಕೊಟ್ಟು ತುಸು ಸಣ್ಣ ಕಲೆಯನ್ನು ಪಡೆಯುವುದಕ್ಕೆ. ಆಗಲಿ ಎಂದ. ಅವಳು ಚಹಾ ತರಿಸಲೇ ಎಂದು ಕೇಳಿದಳು. ಬೇಡವೆಂದು ಎದ್ದ. ಅವಳೂ ಎದ್ದು ನಿಂತಳು, ತರಗತಿಯಲ್ಲಿ ನಿಲ್ಲುತ್ತಿದ್ದ ಹಾಗೆಯೇ. ಅದು ಅವನಿಗೆ ಸಹಿಸಲಾಗಲಿಲ್ಲ.

ಬೀದಿಗೆ ಬರುತ್ತಲೇ ಹೆಂಡತಿ ವಿದ್ಯಾವತಿಯ ಫೋನು.

“ಮನ್ಮಥಪ್ಪ ಕಾಕಾ ಬಂದು ಕುಂತಾರ್ರಿ. ಏನ್ ಹೇಳ್ಲಿ?”

“ಬರ್ಲತ್ತೀನಿ ಅನ್ನು.”

“ನೀವು ಬರೋದು ಅವರು ಕೇಳಲತ್ತಿಲ್ಲ.” ಅವಳೇ ಮುಂದುವರಿಸಿದಳು: “ಜಳಕೋಟದವರು ಯಾರೋ ಪೂರಾ ರೊಕ್ಕ ಕೈಯಾಗ ಹಿಡಕೊಂಡು ನಿಂತಾರಂತ. ಇಲ್ಲಿ ಅತ್ತಿ ಹುಗ್ಗಿಗಿ ಗೋದಿ ನೆನಿ ಹಾಕ್ಯಾರ.”

ಅವನು ಫೋನಿಟ್ಟ.

ಬಸ್ ನಿಲ್ದಾಣದ ಎದುರಿನ ಝೆರಾಕ್ಸ್ ಅಂಗಡಿಯ ಬಕ್ಕಪ್ಪ ಹಳೆಯ ಗುರುತಿನವನು. ಬ್ಯಾಂಕಿನ ಆ್ಯಪಿನಲ್ಲೇ ದೂರು ಬರೆಯಬಹುದು, ನಂಬರು ಕೂಡಲೇ ಬರುತ್ತದೆ ಎಂದು ಉಮಾಕಾಂತನ ಫೋನನ್ನು ತಾನೇ ತೆಗೆದುಕೊಂಡು ಒತ್ತತೊಡಗಿದ. ದೂರಿಗೆ ಎರಡೇ ಕಾರಣಗಳಿದ್ದವು. ಮೊತ್ತ ತಪ್ಪಾಗಿದೆ. ಈ ಸಾಲ ನನ್ನದಲ್ಲ. ಮೊದಲನೆಯದನ್ನು ಒತ್ತಿದಾಗ ಪತ್ರ ಲಗತ್ತಿಸಿ ಎಂದಿತು. ಮುಂದೆ ಹೋಗಲಿಲ್ಲ.

“ಗುರೂಜಿ, ಎರಡನೇದು ಒತ್ರಿ. ಅದಕ್ಕ ಕಾಗದ ಬೇಕಿಲ್ಲ.”

“ಸಾಲ ನಂದೇ ಅದ.”

“ಅದು ನಿಮಗ ಗೊತ್ತು. ಇದಕ್ಕೇನ್ ಗೊತ್ತು?” ಬಕ್ಕಪ್ಪ ನಕ್ಕ. “ನನ್ನ ಭಾವ ಹಿಂಗೇ ಒತ್ಯಾನ. ಸಾಲ ಏನು, ಹೇಣ್ತಿನೂ ನನ್ನಾಕಿ ಅಲ್ಲ ಅಂತಿದ್ದ, ಅಲ್ಲಿ ಕೇಳಿಲ್ಲ ಅಷ್ಟೇ.”

ಉಮಾಕಾಂತನಿಗೆ ನಗು ಬರಲಿಲ್ಲ. ಬಟ್ಟೆಗಂಟು ಹೊತ್ತ ಮುದುಕಿಯೊಬ್ಬಳು ಆಧಾರ್ ಕಾರ್ಡ್ ಚಾಚಿಕೊಂಡು ಅವನ ಹಿಂದೆ ಕಾಯುತ್ತಿದ್ದಳು. ಗಂಟೆ ನಾಲ್ಕೂವರೆಯಾಗಿತ್ತು. ಕಟ್ಟಿದ ಒಂದೊಂದು ಕಂತಿನ ದಿನವೂ ಅವನಿಗೆ ನೆನಪಿತ್ತು. ಮೂರನೆಯದಕ್ಕೆ ವಿದ್ಯಾವತಿಯ ಕೈಯ ಬಂಗಾರದ ಪಾಟಲಿ ಹೋಗಿತ್ತು. ಆ ಸಾಲ ನನ್ನದಲ್ಲ ಎಂದರೆ ಪಾಟಲಿ ಯಾರದು?

ಫೋನು ಇಸಿದುಕೊಂಡು ತಾನೇ ಒತ್ತಿದ. ನನ್ನದಲ್ಲ.

ಪರದೆಯ ಮೇಲೆ ಒಂದು ಬಿಳಿ ವೃತ್ತ ಮೂಡಿತು. ದೂರು ಕೊಡುವವನು ಸಾಲ ತೆಗೆದುಕೊಂಡಾಗಿನ ಫೋಟೋದಲ್ಲಿರುವವನೇ ಎಂದು ಪರೀಕ್ಷಿಸಬೇಕಂತೆ. ಅಂಗಡಿಯೊಳಗೆ ಬೆಳಕು ಸಾಲದು, ಹೊರಗೆ ಹೋಗಿ ನಿಲ್ಲಿರಿ ಎಂದ ಬಕ್ಕಪ್ಪ, ಮುದುಕಿಯ ಕಾರ್ಡು ತೆಗೆದುಕೊಳ್ಳುತ್ತ.

ಉಮಾಕಾಂತ ರಸ್ತೆಯಂಚಿಗೆ ನಿಂತು ಫೋನನ್ನು ಎದುರಿಗೆ ಹಿಡಿದ. ಮುಖವನ್ನು ವೃತ್ತದೊಳಗೆ ಇಡಿ ಎಂದಿತು ಅದು, ಮರಾಠಿಯಲ್ಲಿ, ಹೆಣ್ಣುದನಿಯಲ್ಲಿ. ಇಟ್ಟ. ಎಡಕ್ಕೆ ತಿರುಗಿ ಎಂದಿತು. ತಿರುಗಿದ. ಬಲಕ್ಕೆ. ಕಣ್ಣು ಮಿಟುಕಿಸಿ. ಮಿಟುಕಿಸಿದ. ವೃತ್ತ ಕೆಂಪಾಯಿತು. ಹೊಂದಲಿಲ್ಲ, ಮತ್ತೆ ಪ್ರಯತ್ನಿಸಿ.

ಕನ್ನಡಕ ತೆಗೆದ. ಮುಂದಲೆಯ ಕೂದಲನ್ನು ಕೈಯಿಂದ ಹಿಂದಕ್ಕೆ ಒತ್ತಿದ. ಆ ಫೋಟೋದಲ್ಲಿ ತಾನು ನಕ್ಕಿದ್ದೆನೋ ಇಲ್ಲವೋ ನೆನಪಾಗಲಿಲ್ಲ. ಎರಡೂ ಥರ ಮಾಡಿ ನೋಡಿದ.

ನಿಲಂಗಾ ಬಸ್ಸಿಗೆ ಕಾಯುತ್ತಿದ್ದ ಹೆಂಗಸರು ಅವನನ್ನು ನೋಡುತ್ತಿದ್ದರು. ಬಿಸಿಲು ಬೆನ್ನ ಹಿಂದಿತ್ತು. ವೃತ್ತದ ಸುತ್ತ ನಿಲ್ದಾಣದ ಬೋರ್ಡು, ಬೇವಿನ ಮರ, ಹೆಂಗಸರ ಹಸಿರು ಬಳೆಗಳು ಒಂದೊಂದೂ ಸ್ಪಷ್ಟವಾಗಿ ಕಾಣುತ್ತಿದ್ದವು. ನಡುವೆ, ಕೊರಳ ಮೇಲೆ, ಒಂದು ಕಪ್ಪು ಆಕಾರ ಎಡಕ್ಕೆ ತಿರುಗುತ್ತಿತ್ತು, ಬಲಕ್ಕೆ ತಿರುಗುತ್ತಿತ್ತು.